ದ್ವೀಪಗಳ ಪಾಲು

"ಯಾರೂ ನನ್ನ ಮುಟ್ಬೇಡಿ," ಎಂದ ಪಾಸಿ. "ಹಡಗೂ ಅಲ್ಲಾಡೋದು ಬೇಡ."

ಕ್ಯಾಬಿನ್ನಿನ ನೆಲದ ಮೇಲೆ ಮಂಡಿಯೂರಿ, ಹಣೆಯನ್ನು ಕೆಳಗಿನ ಬರ್ತ್‌ನ ಅಂಚಿಗೆ ಒತ್ತಿಕೊಂಡು ಅವನು ಪ್ರಾರ್ಥನೆಗೆ ಕೂತವನಂತೆ ಕಾಣುತ್ತಿದ್ದ. ಮೂರು ವರ್ಷದ ಮಗ ಓತ್ಸೊನನ್ನು ಮೇಲಿನ ಬರ್ತ್‌ಗೆ ಎತ್ತಿ ಕೂರಿಸುವಾಗ ಸೊಂಟದಲ್ಲಿ ಏನೋ ಕಳಕ್ ಎಂದಿತ್ತು. ಹಡಗು ಇನ್ನೂ ತುರ್ಕು ಬಂದರಿನಲ್ಲೇ ಇತ್ತು. ಕಿಟಕಿಯಾಚೆ ಒಬ್ಬ ಕೂಲಿಯಾಳು ದಪ್ಪ ಹಗ್ಗವನ್ನು ಗೂಟದಿಂದ ಬಿಚ್ಚುತ್ತಿದ್ದ.

ಆರು ವರ್ಷದ ಹಿಲ್ಲಾ ಬೆನ್ನಿನ ಚೀಲವನ್ನೂ ಇಳಿಸದೆ ಬಾಗಿಲಲ್ಲಿ ನಿಂತಿದ್ದಳು. ಅಪ್ಪನನ್ನು ನೋಡಿದಳು, ಅಪ್ಪನ ಪಕ್ಕದಲ್ಲಿ ಏನು ಮಾಡಬೇಕೆಂದು ತೋಚದೆ ನಿಂತಿದ್ದ ವಿರ್ಪಿಯನ್ನು ನೋಡಿದಳು, ಆಮೇಲೆ ತಲೆಯೆತ್ತಿ ತಮ್ಮನಿಗೆ ಹೇಳಿದಳು:

"ಓತ್ಸೊ, ಅವಳನ್ನ ಕೇಳು, ಅಪ್ಪ ಸತ್ತೋಗ್ತಾನಾ ಅಂತ."

"ವಿರ್ಪಿ, ಅಪ್ಪ ಸತ್ತೋಗ್ತಾನಾ?" ಓತ್ಸೊನ ದನಿಯಲ್ಲಿ ಹೆದರಿಕೆಗಿಂತ ಕುತೂಹಲವೇ ಜಾಸ್ತಿ.

"ಇಲ್ಲ ಪುಟ್ಟ. ಸೊಂಟ ಹಿಡ್ಕೊಂಡಿದೆ ಅಷ್ಟೆ."

"ಇಲ್ವಂತೆ," ಎಂದು ಓತ್ಸೊ ಅಕ್ಕನಿಗೆ ಮುಟ್ಟಿಸಿದ.

"ಕೇಳಿಸ್ತು," ಎಂದಳು ಹಿಲ್ಲಾ.

ವಿರ್ಪಿ ತುರ್ಕುವಿನ ಒಂದು ಬಣ್ಣದ ಅಂಗಡಿಯಲ್ಲಿ ಗಿರಾಕಿಗಳು ಕೇಳಿದ ಛಾಯೆಯನ್ನು ಬೆರೆಸಿಕೊಡುವವಳು. ಪಾಸಿಯ ಪರಿಚಯವಾದದ್ದೂ ಅಲ್ಲೇ. ಮದುವೆ ಮುರಿದು, ಹೊಸ ಮನೆ ಹಿಡಿದು, ಮಕ್ಕಳ ಕೋಣೆಗೆ ಒಂದು ಹಳದಿ ಬೇಕೆಂದು ಬಂದಿದ್ದ. ಒಯ್ದ ಹಳದಿ ಸರಿಹೋಗಲಿಲ್ಲವೆಂದು ಮತ್ತೆ ಬಂದ. ಮೂರನೆಯ ಸಲ ಬಂದಾಗ, ವಿಷಯ ಹಳದಿಯದಲ್ಲ ಎಂದು ಅವಳಿಗೆ ತಿಳಿಯಿತು. ಮಕ್ಕಳು ಒಂದು ವಾರ ಅಮ್ಮ ಕಾಟ್ರಿಯ ಮನೆಯಲ್ಲಿ, ಒಂದು ವಾರ ಅಪ್ಪನ ಮನೆಯಲ್ಲಿ. ಓತ್ಸೊ ವಿರ್ಪಿಯನ್ನು ಮನೆಗೆ ಹೊಸದಾಗಿ ಬಂದ ಸೋಫಾದಂತೆ ಒಪ್ಪಿಕೊಂಡ. ಮೊದಲ ದಿನವೇ ಹತ್ತಿ ಕೂತ. ಹಿಲ್ಲಾ ಜಗಳ ಆಡಲಿಲ್ಲ, ಅಳಲಿಲ್ಲ, ಬಾಗಿಲು ಬಡಿಯಲಿಲ್ಲ. ಅವಳೊಡನೆ ನೇರವಾಗಿ ಮಾತಾಡಲಿಲ್ಲ, ಅಷ್ಟೆ. ಹಾಲು ಬೇಕಾದರೆ ತಮ್ಮನ ಮೂಲಕ ಹೇಳುತ್ತಿದ್ದಳು. ತಮ್ಮ ಇಲ್ಲದಿದ್ದರೆ ಚಮಚಕ್ಕೆ ಹೇಳುತ್ತಿದ್ದಳು. ಒಂದು ಸಲ, ಬೂಟಿನ ಜಿಪ್ಪು ಸಿಕ್ಕಿಕೊಂಡಾಗ, ಆ ಬೂಟಿಗೇ ಹೇಳಿದ್ದಳು: "ನಿನ್ನ ಬಿಡಿಸೋಕೆ ಯಾರಾದ್ರೂ ಬರ್ಬೇಕು."

ಬಾಡಿಗೆ ಮನೆ ಬಿಟ್ಟು ನಮ್ಮ ಜೊತೆಗೇ ಬಂದುಬಿಡು ಎಂದು ಪಾಸಿ ವಿರ್ಪಿಯನ್ನು ಕೇಳಿ ಬಹಳ ದಿನವಾಗಿತ್ತು. ತಿಂಗಳ ಕೊನೆಯೊಳಗೆ ಮನೆ ಮಾಲೀಕನಿಗೆ ಹೇಳಬೇಕು. ಅದಕ್ಕೂ ಮೊದಲು ನಾಲ್ವರೂ ಒಂದು ಸಲ ಒಟ್ಟಿಗೆ ಹಡಗಿನಲ್ಲಿ ಹೋಗಿಬರೋಣ ಎಂಬುದು ಅವನದೇ ಯೋಚನೆ. ಬೆಳಿಗ್ಗೆ ಹೊರಟು ಸಂಜೆ ಸ್ಟಾಕ್‌ಹೋಮ್ ಮುಟ್ಟಿ, ಅಲ್ಲಿ ಇಳಿಯದೆ ಅದೇ ಹಡಗಿನಲ್ಲಿ ತಿರುಗಿ ಮರುದಿನ ಬೆಳಿಗ್ಗೆ ಮನೆಗೆ. "ಹಡಗಲ್ಲಾದ್ರೆ ಯಾರೂ ಮುನಿಸ್ಕೊಂಡು ಎದ್ದು ಹೋಗೋಕಾಗಲ್ಲ," ಎಂದು ನಕ್ಕಿದ್ದ.

ಅಂಗಡಿಯಲ್ಲಿ ಅವಳ ಜೊತೆ ಕೆಲಸ ಮಾಡುವ ಮರ್ಯಾತ್ತಾ ನಾಲ್ಕು ಮಕ್ಕಳನ್ನು ಬೆಳೆಸಿದವಳು. ಉಪದೇಶ ಮಾಡಲು ಕಾಯುತ್ತಲೇ ಇದ್ದಳು. "ಹತ್ತಿದ ತಕ್ಷಣ ಮೊದಲು ಕ್ಯಾಬಿನ್ ತೋರ್ಸು. ತಮ್ಮ ಗೂಡು ಯಾವ್ದು ಅಂತ ಮಕ್ಕಳಿಗೆ ಗೊತ್ತಾಗ್ಬೇಕು. ಆಮೇಲೆ ಟಾಯ್ಲೆಟ್ ಎಲ್ಲಿದೆ ಅಂತ ನೋಡ್ಕೋ. ಕ್ಯಾಬಿನ್ ನಂಬರು ಕೈ ಮೇಲೆ ಪೆನ್ನಲ್ಲಿ ಬರಿ. ಹಸಿವಾಗೋಕೆ ಮುಂಚೇನೇ ಊಟಕ್ಕೆ ಹೋಗು, ಹಸಿದ ಮಗು ಜೊತೆ ಸಾಲಲ್ಲಿ ನಿಲ್ಲೋದಕ್ಕಿಂತ ಸಮುದ್ರಕ್ಕೆ ಹಾರೋದು ವಾಸಿ. ಒಂದು ಜೊತೆ ಒಣ ಬಟ್ಟೆ ಕೈಚೀಲದಲ್ಲೇ ಇರ್ಲಿ. ಮತ್ತೆ ನೋಡು, ಏನನ್ನೂ ಕೊಡಿಸ್ತೀನಿ ಅಂತ ಮೊದ್ಲೇ ಮಾತು ಕೊಡ್ಬೇಡ."

ವಿರ್ಪಿ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡಿದ್ದಳು. ಪಾಸಿಯ ಸೊಂಟದ ಬಗ್ಗೆ ಮಾತ್ರ ಯಾರೂ ಹೇಳಿರಲಿಲ್ಲ.

ಬೆಳಿಗ್ಗೆ ಬಂದರಿಗೆ ಮಕ್ಕಳನ್ನು ಕರೆತಂದವಳು ಕಾಟ್ರಿ. ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಲಿಲ್ಲ. "ಓತ್ಸೊನ ಗೊಂಬೆ ಮೊಲ ಪಕ್ಕದ ಜೇಬಲ್ಲಿದೆ," ಎಂದು ಚೀಲ ಕೊಟ್ಟಳು ಕಾಟ್ರಿ. ಹಿಲ್ಲಾಳ ಜಾಕೆಟ್ಟಿನ, ಆಗಲೇ ಹಾಕಿದ್ದ ಜಿಪ್ಪನ್ನೇ ಇನ್ನೊಂದು ಸಲ ಮೇಲೆಳೆದು ಹೊರಟುಹೋದಳು.

ಹಡಗಿನ ನರ್ಸ್ ಬಂದು ಮಾತ್ರೆ ಕೊಟ್ಟು, ಪಾಸಿಯನ್ನು ಹೇಗೋ ಕೆಳಗಿನ ಬರ್ತ್‌ಗೆ ಉರುಳಿಸಿ, ಮಂಡಿಯ ಕೆಳಗೆ ದಿಂಬು ಕೊಟ್ಟು, ಸಂಜೆಯವರೆಗೆ ಏಳಕೂಡದು ಎಂದು ಹೇಳಿ ಹೋದಳು. ಓತ್ಸೊನ ಕೈ ಹಿಡಿದು ವಿರ್ಪಿ ಉದ್ದನೆಯ ಓಣಿಗೆ ಬಂದಳು. ಹಿಲ್ಲಾ ಒಂದು ಗಜ ಹಿಂದೆ ಬರುತ್ತಿದ್ದಳು. ತಮ್ಮೊಡನೆ ಬಂದಿದ್ದಾಳೆಂದೂ ಹೇಳುವಂತಿಲ್ಲ, ಬಂದಿಲ್ಲವೆಂದೂ ಹೇಳುವಂತಿಲ್ಲ, ಅಷ್ಟು ದೂರ.

ಬಾಯಿಪಾಠ ಮಾಡಿದ್ದು ಒಂದೊಂದಾಗಿ ಕೈಕೊಟ್ಟಿತು. ಕೈ ಮೇಲೆ ನಂಬರು ಬರೆಯಲು ಪೆನ್ನು ತೆಗೆದರೆ, ಓತ್ಸೊ ಅದನ್ನು ಕಿತ್ತುಕೊಂಡು ಮೊಣಕೈವರೆಗೂ ಗೀಚಿಕೊಂಡ. ಹಿಲ್ಲಾ, "ನನಗೆ ನಂಬರು ನೆನಪಿರುತ್ತೆ ಅಂತ ಹೇಳು ಅವಳಿಗೆ," ಎಂದು ಕೈಗಳನ್ನು ಜೇಬಿಗಿಳಿಸಿದಳು. ಬಣ್ಣದ ಚೆಂಡುಗಳ ತೊಟ್ಟಿಯಲ್ಲಿ ಯಾರದೋ ಮಗು ವಾಂತಿ ಮಾಡಿ ಆಟದ ಕೋಣೆಗೆ ಬೀಗ ಬಿದ್ದಿತ್ತು. ಊಟಕ್ಕೆ ಬೇಗ ಹೋದರೆ, ಇಡೀ ಹಡಗಿನ ತಾಯಂದಿರಿಗೂ ಒಬ್ಬೊಬ್ಬಳು ಮರ್ಯಾತ್ತಾ ಇದ್ದಿರಬೇಕು, ಸಾಲು ಮೆಟ್ಟಿಲವರೆಗೆ ಬೆಳೆದಿತ್ತು. ತಟ್ಟೆಯಲ್ಲಿ ಮಾಂಸದ ಉಂಡೆಗೆ ಆಲೂಗಡ್ಡೆ ತಾಗಿತೆಂದು ಓತ್ಸೊ ಎರಡನ್ನೂ ಮುಟ್ಟಲಿಲ್ಲ. ಬ್ರೆಡ್ಡಿನ ಮೇಲಿನ ಬೆಣ್ಣೆಯನ್ನಷ್ಟೇ ನೆಕ್ಕಿದ. ಒಣ ಬಟ್ಟೆ ಮಾತ್ರ ಉಪಯೋಗಕ್ಕೆ ಬಂತು. ಕೆಂಪು ಶರಬತ್ತು ಚೆಲ್ಲಿದ್ದು ಅವಳದೇ ಮಡಿಲಿಗೆ, ಒಣ ಬಟ್ಟೆ ಇದ್ದದ್ದು ಓತ್ಸೊನದು. ಅವನ ಪುಟ್ಟ ಪೈಜಾಮವನ್ನು ಒದ್ದೆ ಸ್ಕರ್ಟಿನ ಮೇಲೆ ಏಪ್ರನ್ನಿನಂತೆ ಸಿಕ್ಕಿಸಿಕೊಂಡು ಅವಳು ಮಕ್ಕಳನ್ನು ಮೇಲಿನ ಡೆಕ್ಕಿಗೆ ಕರೆದುಕೊಂಡು ಹೊರಟಳು.

ಬಾಗಿಲು ತೆರೆದರೆ ಹೊರಗೆ ಏನೂ ಇರಲಿಲ್ಲ.

ಮಂಜು ಸಮುದ್ರವನ್ನೂ ಆಕಾಶವನ್ನೂ ಒಂದು ಮಾಡಿತ್ತು. ಕಟಕಟೆಯಾಚೆ ಕೈ ಚಾಚಿದರೆ ಬೆರಳ ತುದಿ ಮಸುಕಾಗುತ್ತಿತ್ತು. ವಿರ್ಪಿಯ ಅಂಗಡಿಯ ಬಣ್ಣದ ಪಟ್ಟಿಯಲ್ಲಿ ಬೂದು ಬಣ್ಣಕ್ಕೇ ಹತ್ತಾರು ಹೆಸರು: ಹಳೆಯ ಚಮಚ, ಪಾರಿವಾಳ, ಓಟ್ಸ್ ಗಂಜಿ, ಮಾರ್ಚ್ ತಿಂಗಳ ಹಿಮ. ಇದು ಯಾವುದರಲ್ಲೂ ಇರಲಿಲ್ಲ. ಹಡಗು ಮುಂದೆ ಹೋಗುತ್ತಿದೆಯೋ ನಿಂತಿದೆಯೋ ತಿಳಿಯದು. ಕಾಲಡಿಯಲ್ಲಿ ಸಣ್ಣದೊಂದು ನಡುಕ, ನಿದ್ದೆ ಹೋದ ದೊಡ್ಡ ಪ್ರಾಣಿಯ ಎದೆಯ ಮೇಲೆ ನಿಂತ ಹಾಗೆ. ಅಲ್ಲಲ್ಲಿ ಕುರ್ಚಿಗಳಲ್ಲಿ ಕಂಬಳಿ ಹೊದ್ದು ಕೂತವರು ಅರ್ಧ ಅಳಿಸಿಹೋದ ಚಿತ್ರಗಳಂತಿದ್ದರು. ಒಬ್ಬಳು ಮುದುಕಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದಳು. ಅದರ ಹಬೆ ಎಲ್ಲಿ ಮುಗಿದು ಮಂಜು ಎಲ್ಲಿ ಶುರುವಾಯಿತೆಂದು ಕಾಣುತ್ತಿರಲಿಲ್ಲ.

ಆಗ ಹಡಗು ಕೂಗಿತು.

ಮಂಜಿನಲ್ಲಿ ಹಡಗುಗಳು ಹೀಗೆ ಕೂಗಿಕೊಂಡೇ ಹೋಗಬೇಕು. ಆ ಸದ್ದು ಕಿವಿಗೆ ಬರಲಿಲ್ಲ, ನೇರ ಎದೆಗೂಡಿಗೆ ಬಂತು. ಓತ್ಸೊ ನೆಲಕ್ಕೆ ಕುಸಿದು, ಮುಖ ನೀಲಿಯಾಗುವ ಹಾಗೆ ಕಿರುಚಿದ. ವಿರ್ಪಿ ಅವನನ್ನು ಬಾಚಿ ಎತ್ತಿಕೊಂಡಳು. ಅವನು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿ ಒದೆಯತೊಡಗಿದ.

"ಕಿವಿ ಮುಚ್ಚಮ್ಮ ಮಗೂಗೆ, ಕಿವಿ ಮುಚ್ಚು," ಎಂದಳು ಮುದುಕಿ.

ಕಿವಿ ಮುಚ್ಚಿದಳು. ಅವನ ಅಳು ಇನ್ನೂ ಏರಿತು. ಒಳಗೆ ಓಡೋಣವೆಂದರೆ ಮಂಜಿನಲ್ಲಿ ಬಾಗಿಲು ಯಾವ ಕಡೆಗಿತ್ತೆಂಬುದೇ ಮರೆತುಹೋಗಿತ್ತು.

"ಓತ್ಸೊ," ಎಂದಳು ಹಿಲ್ಲಾ, ಕಟಕಟೆಗೆ ಒರಗಿ, ಎತ್ತಲೋ ನೋಡುತ್ತ. "ಅವಳಿಗೆ ಹೇಳು, ಕಿವಿ ಮುಚ್ಚಿದ್ರೆ ನಿಂಗೆ ಇನ್ನೂ ಭಯ ಆಗುತ್ತೆ ಅಂತ. ಅಮ್ಮ ಮುಚ್ಚಲ್ಲ. ಅಮ್ಮ ವಾಪಸ್ ಕೂಗ್ತಾಳೆ."

ಓತ್ಸೊ ಏನನ್ನೂ ಮುಟ್ಟಿಸುವ ಸ್ಥಿತಿಯಲ್ಲಿರಲಿಲ್ಲ. ವಿರ್ಪಿಯೂ ಹಿಲ್ಲಾಳ ಕಡೆ ತಿರುಗಲಿಲ್ಲ. ತಿರುಗಿದರೆ ಆ ಮಾತು ಹಾರಿಹೋದೀತೆಂದು ಅವಳಿಗೆ ಅನ್ನಿಸಿತು. ಅಳುತ್ತಿದ್ದವನ ಕಿವಿಯ ಹತ್ತಿರ ಬಾಗಿ ಹೇಳಿದಳು:

"ಓತ್ಸೊ, ನಿನ್ನ ಅಕ್ಕನ್ನ ಕೇಳು, ಹೇಗೆ ಕೂಗ್ಬೇಕು ಅಂತ."

ಹಿಲ್ಲಾ ಕಟಕಟೆಯ ಮೇಲಿನ ಹನಿಗಳನ್ನು ಬೆರಳಿಂದ ಒರೆಸಿದಳು.

"ಅದು ಹೇಗೆ ಕೂಗುತ್ತೋ ಹಾಗೇ," ಎಂದಳು ಹಿಲ್ಲಾ ಮಂಜಿಗೆ.

ಹಡಗು ಮತ್ತೆ ಕೂಗಿತು. ಅದು ನಿಲ್ಲುವುದನ್ನೇ ಕಾದಿದ್ದ ವಿರ್ಪಿ ಎದೆ ತುಂಬ ಉಸಿರೆಳೆದು, ತುಂಬು ಗಬ್ಬದ ಹಸುವಿನ ಹಾಗೆ, ಹೊಟ್ಟೆಯಾಳದಿಂದ ಕೂಗಿದಳು. ತನ್ನಲ್ಲಿ ಅಂಥ ಸದ್ದಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಕಂಬಳಿಗಳೆಲ್ಲ ಅವಳ ಕಡೆ ತಿರುಗಿದವು. ಓತ್ಸೊ ಬಾಯಿ ತೆರೆದವನು ಹಾಗೇ ಅಳು ನಿಲ್ಲಿಸಿ ಅವಳ ಗಂಟಲನ್ನು ನೋಡಿದ. ಮುಂದಿನ ಸಲ ಕೈಯಿಂದ ಅವಳ ಗಂಟಲು ಮುಟ್ಟಿ ನೋಡಿದ. ಅದರ ಮುಂದಿನ ಸಲ ತಾನೂ ಕೂಗಿದ. ಮುದುಕಿ ಕಾಫಿ ಲೋಟ ಕೆಳಗಿಟ್ಟು, ಕೆಮ್ಮಿ ಗಂಟಲು ಸರಿಮಾಡಿಕೊಂಡು ದನಿಗೂಡಿಸಿದಳು. "ನಾಚಿಕೆ ಆಗಲ್ವಾ," ಎಂದು ಹಿಲ್ಲಾ ಮೆಲ್ಲಗೆ ಗೊಣಗಿದಳು. ಯಾರಿಗೆಂದು ಹೇಳಲಿಲ್ಲ.

ಆಮೇಲೆ ಯಾರೂ ಎಣಿಸದೆ ಇದ್ದದ್ದು ಆಯಿತು. ಬಹಳ ದೂರದಲ್ಲಿ, ಆ ಬಿಳುಪಿನ ಯಾವುದೋ ಮೂಲೆಯಲ್ಲಿ, ಇನ್ನೊಂದು ದನಿ ಓಗೊಟ್ಟಿತು.

"ಅದ್ಯಾರು?" ಓತ್ಸೊ ಪಿಸುಗುಟ್ಟಿದ.

"ಇನ್ನೊಂದು ಹಡಗು," ಎಂದಳು ಹಿಲ್ಲಾ.

"ಅದಕ್ಕೂ ಭಯಾನಾ?"

ವಿರ್ಪಿಯೇ ಹೇಳಿದಳು: "ಇರ್ಬೇಕು. ನಾನಿಲ್ಲಿದ್ದೀನಿ, ನೀನೆಲ್ಲಿದ್ದೀಯ ಅಂತ ಕೇಳ್ತಾ ಇದೆ."

ಮೂವರೂ ಕಟಕಟೆಗೆ ಒರಗಿ ನಿಂತರು. ಕಾಣದ ಆ ಹಡಗು ಬಲಗಡೆಯಿಂದ ಬಂದು, ಕೂಗುತ್ತ, ಎಡಗಡೆಗೆ ದಾಟಿ ಹೋಯಿತು. ಅದರ ಅಲೆ ಮಾತ್ರ ಬಂದು ತಮ್ಮ ಹಡಗನ್ನು ಒಂದು ಸಲ ಮೆಲ್ಲಗೆ ಎತ್ತಿ ಇಳಿಸಿತು.

ಕ್ಯಾಬಿನ್ನಿಗೆ ಮರಳಿದಾಗ ಪಾಸಿ ಚಾವಣಿ ನೋಡುತ್ತ ಮಲಗಿದ್ದ. ಮೊಣಕೈವರೆಗಿನ ಶಾಯಿ, ಪೈಜಾಮದ ಏಪ್ರನ್, ಮೂವರ ತಲೆಗೂದಲಿನ ಮೇಲೂ ಮಂಜಿನ ಹನಿ, ಎಲ್ಲವನ್ನೂ ಕಣ್ಣಲ್ಲೇ ಲೆಕ್ಕ ಹಾಕಿದ.

"ಕಾಟ್ರಿಗೆ ಫೋನ್ ಮಾಡ್ಲಾ?"

"ಏನಂತ? ಈಜ್ಕೊಂಡು ಬಾ ಅಂತಾನಾ?"

"ನಗಿಸ್ಬೇಡ ಮಾರಾಯ್ತಿ, ನೋಯುತ್ತೆ."

ಓತ್ಸೊ ಅಪ್ಪನ ಹೊಟ್ಟೆಯ ಮೇಲೆ ಮೊಲವನ್ನು ನಡೆಸತೊಡಗಿದ. ಹಿಲ್ಲಾ ಬಾಗಿಲ ಬಳಿ ನೆಲದಲ್ಲಿ ಕೂತು ಒದ್ದೆಯಾದ ಕಾಲುಚೀಲ ಬಿಚ್ಚುತ್ತಿದ್ದಳು. ಪಾಸಿ ದನಿ ತಗ್ಗಿಸಿದ.

"ವಿರ್ಪಿ. ತಿಂಗಳ ಕೊನೆ ಅಂದಿದ್ವಲ್ಲ... ಅದು ನಾನು ಅವಸರ ಮಾಡಿದ್ದು. ಬೇಡ ಅನ್ನಿಸಿದ್ರೆ ಬೇಡ ಅಂದ್ಬಿಡು. ಬೇಜಾರು ಮಾಡ್ಕೋತೀನಿ. ಆದ್ರೆ ಅದರಿಂದ ಸಾಯಲ್ಲ."

ಅವಳ ಹತ್ತಿರ ಒಂದು ಮಾತು ಸಿದ್ಧವಾಗಿತ್ತು. ನೀವು ಮೂವರೂ ಚೆನ್ನಾಗೇ ಇದ್ದೀರಿ ಪಾಸಿ, ನನ್ನಿಂದ ಆ ಹುಡುಗಿಗೆ ತನ್ನ ಮನೆಯಲ್ಲೇ ಮಾತು ನಿಂತುಹೋಗೋದು ಬೇಡ. ಎಷ್ಟೋ ದಿನಗಳಿಂದ, ಬಣ್ಣ ಕದಡುವ ಯಂತ್ರದ ಸದ್ದಿನಲ್ಲಿ, ಬಸ್ಸಿನಲ್ಲಿ, ಅದನ್ನು ತಿದ್ದಿ ತಿದ್ದಿ ನಯ ಮಾಡಿಕೊಂಡಿದ್ದಳು. ಈಗ ಅದು ನಾಲಗೆಯ ಮೇಲಿತ್ತು. ಮಂಡಿಯ ಕೆಳಗಿನ ದಿಂಬು ಜಾರಿತ್ತು; ಅದನ್ನು ಸರಿಪಡಿಸಿದಳು.

"ಮನೆಗೆ ಹೋದ್ಮೇಲೆ ಮಾತಾಡೋಣ," ಎಂದಳು.

ಬಾಗಿಲ ಬಳಿ ಕಾಲುಚೀಲ ಬಿಚ್ಚುವ ಸದ್ದು ನಿಂತಿತ್ತು.

ಸಂಜೆಯ ಹೊತ್ತಿಗೆ ಹಡಗು ತೆರೆದ ಸಮುದ್ರ ದಾಟಿ ಸ್ಟಾಕ್‌ಹೋಮಿನ ದ್ವೀಪಗಳ ನಡುವೆ ಸರಿಯತೊಡಗಿತು. ಮಂಜು ಈಗ ತೆಳುವಾಗಿ ನೀರಿನ ಮೇಲಷ್ಟೇ ಹಾಸಿಕೊಂಡಿತ್ತು. ಅದರ ಮೇಲೆ ದ್ವೀಪಗಳು ಬುಡವಿಲ್ಲದೆ ತೇಲುತ್ತಿದ್ದವು: ಬರೀ ಪೈನ್ ಮರಗಳ ತುದಿ, ಬರೀ ಒಂದು ಕೆಂಪು ಚಾವಣಿ, ಬರೀ ಒಂದು ಬಾವುಟದ ಕಂಬ. ಬಿಸಿಲು ಇತ್ತು, ಆದರೆ ಎಲ್ಲಿಂದ ಬರುತ್ತಿದೆಯೆಂದು ಹೇಳುವಂತಿರಲಿಲ್ಲ. ಜೇನು ಕದಡಿದ ಹಾಲಿನ ಹಾಗೆ ಎಲ್ಲ ಕಡೆಯೂ ಒಂದೇ ಸಮ ಇತ್ತು. ಮೂವರೂ ಡೆಕ್ಕಿನ ಒಂದೇ ಉದ್ದನೆಯ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ನಡುವೆ ಓತ್ಸೊ.

ಹಿಲ್ಲಾ ದ್ವೀಪಗಳನ್ನು ಪಾಲು ಮಾಡುತ್ತಿದ್ದಳು.

"ಅದು ಅಮ್ಮಂದು. ಮನೆ ಇರೋದು. ಅದರಲ್ಲಿ ಎರಡು ಕಿಟಕಿ ಇದೆ ನೋಡು. ಇದು ಅಪ್ಪಂದು."

"ಅದು ಚಪ್ಪಟೆ," ಎಂದ ಓತ್ಸೊ.

"ಚಪ್ಪಟೆನೇ ಬೇಕು. ಮಲ್ಕೊಳ್ಳೋಕೆ."

ಓತ್ಸೊಗೆ ಹಸು ನಿಂತಿದ್ದ ದ್ವೀಪ ಸಿಕ್ಕಿತು. ಹತ್ತಿರ ಬಂದ ಮೇಲೆ ಹಸು ಬಂಡೆಯಾಯಿತು. ಆದರೂ ಅವನು ಬಿಟ್ಟುಕೊಡಲಿಲ್ಲ. ಹಿಲ್ಲಾ ತನಗೆ ಲೈಟ್‌ಹೌಸ್ ಇದ್ದದ್ದನ್ನು ಇಟ್ಟುಕೊಂಡಳು. ಮೊಲಕ್ಕೆ ಒಂದು, ಶಿಶುವಿಹಾರದ ಟೀಚರಿಗೆ ಒಂದು, ಕಾಫಿ ಮುದುಕಿಗೂ ಒಂದು. ಪ್ರತಿ ಸಲ ಮಂಜಿನಿಂದ ಹೊಸ ಮರದ ತುದಿ ಮೂಡಿದಾಗಲೂ ವಿರ್ಪಿ, ತನಗೇ ತಿಳಿಯದೆ, ಸ್ವಲ್ಪ ನೆಟ್ಟಗಾಗುತ್ತಿದ್ದಳು. ಆರು ವರ್ಷದ ಮಗುವಿನ ಆಟ ಎಂದು ತನಗೆ ತಾನೇ ಹೇಳಿಕೊಂಡಳು. ದ್ವೀಪಗಳು ಬಂದವು, ಹೋದವು. ಅವಳು ಕಂಬಳಿಯನ್ನು ಮೇಲೆಳೆದುಕೊಂಡಳು.

ಓತ್ಸೊನ ತಲೆ ಮೆಲ್ಲಗೆ ವಾಲಿ ಅವಳ ತೋಳಿನ ಮೇಲೆ ಬಿತ್ತು. ಅವನ ಕೈಯಿಂದ ಜಾರಿದ ಮೊಲವನ್ನು ಅವಳು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು.

ಹಿಲ್ಲಾ ಏನೋ ಹೇಳಲು ಬಾಯಿ ತೆರೆದಳು. ತಮ್ಮ ನಿದ್ದೆ ಹೋಗಿದ್ದ. ಮೊಲದ ಕಡೆ ನೋಡಿದಳು. ಮೊಲ ವಿರ್ಪಿಯ ಕೈಯಲ್ಲಿತ್ತು. ಕಂಬಳಿಯ ಜುಂಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಎರಡು ದ್ವೀಪಗಳು ಯಾರದೂ ಆಗದೆ ಹೋದವು.

"ನಿನ್ನ ನಿಂಬೆ ಗಿಡ ಏನ್ಮಾಡ್ತೀಯ?" ಎಂದು ಕೇಳಿದಳು.

ವಿರ್ಪಿಗೆ ಮೊದಲು ಅರ್ಥವಾಗಲಿಲ್ಲ. ಅವಳ ಮನೆಯಲ್ಲಿ ಬೀಜದಿಂದ ಬೆಳೆಸಿದ ಒಂದು ನಿಂಬೆ ಗಿಡವಿತ್ತು, ಆಳುದ್ದದ್ದು. ಚಳಿಗಾಲದಲ್ಲಿ ಒಂದೇ ಒಂದು ಸಲ ಮಕ್ಕಳು ಅಲ್ಲಿಗೆ ಬಂದಿದ್ದರು.

"ಯಾವಾಗ?"

"ನಮ್ಮನೆಗೆ ಬಂದ್ರೆ. ನನ್ನ ರೂಮಲ್ಲಿ ಜಾಗ ಇಲ್ಲ."

"ಮತ್ತೆ ಎಲ್ಲಿ ಇಡ್ಬಹುದು?" ಅವಳು ಆದಷ್ಟು ಸಾಮಾನ್ಯವಾದ ದನಿಯಲ್ಲಿ ಕೇಳಿದಳು, ಹೊಸ ಬಣ್ಣ ಎಷ್ಟು ಲೀಟರ್ ಬೇಕೆಂದು ಗಿರಾಕಿಯನ್ನು ಕೇಳುವ ಹಾಗೆ.

ಹಿಲ್ಲಾ ಯೋಚಿಸಿದಳು. "ಅಡುಗೆಮನೆ ಕಿಟಕಿ ಹತ್ರ. ಅಲ್ಲಿ ಸೈಕಲ್ ಇದೆ. ಸೈಕಲ್ ತೆಗೀಬಹುದು. ಆದ್ರೆ ಅಪ್ಪ ನೀರು ಹಾಕೋದು ಮರೀತಾನೆ, ನೀನೇ ಹಾಕ್ಬೇಕು."

"ಹಾಕ್ತೀನಿ."

"ಅಮ್ಮನ ವಾರದಲ್ಲೂ."

"ಅಮ್ಮನ ವಾರದಲ್ಲೂ."

ಇನ್ನೊಂದು ದ್ವೀಪ ಬಂತು, ಎರಡು ಬರ್ಚ್ ಮರಗಳದ್ದು. ಹಿಲ್ಲಾ ಅದನ್ನು ಕಾಟ್ರಿಯ ತಾಯಿಗೆ ಕೊಟ್ಟಳು. ವಿರ್ಪಿಗೆ ಧೈರ್ಯ ಎಲ್ಲಿಂದ ಬಂತೋ.

"ನನಗೊಂದು ದ್ವೀಪ ಇಲ್ವಾ?"

"ಇಲ್ಲ."

"ಯಾಕೆ?"

ಹಿಲ್ಲಾ ಅವಳ ಕಡೆ ತಿರುಗಿದಳು. ಇಷ್ಟು ದೊಡ್ಡವಳಿಗೆ ಇಷ್ಟೂ ತಿಳಿಯದೇ ಎನ್ನುವ ಹಾಗಿತ್ತು ಆ ನೋಟ. ಅವಳ ಕಣ್ಣು ತಿಳಿ ಕಂದು ಎಂದು ವಿರ್ಪಿ ಮೊದಲ ಸಲ ಕಂಡಳು.

"ಎಲ್ಲರೂ ಒಂದೊಂದ್ರಲ್ಲಿ ಕೂತ್ಬಿಟ್ರೆ ಯಾರು ಯಾರ ಹತ್ರ ಹೋಗೋದು? ಯಾರಾದ್ರೂ ಹಡಗಲ್ಲಿ ಇರ್ಬೇಕಲ್ವಾ, ಕರ್ಕೊಂಡು ಹೋಗೋಕೆ, ಕರ್ಕೊಂಡು ಬರೋಕೆ." ಸ್ವಲ್ಪ ತಡೆದು, ದನಿ ತಗ್ಗಿಸಿ, ಮಲಗಿದ್ದವನಿಗೆ ಕೇಳಿಸಬಾರದೆಂಬಂತೆ ಸೇರಿಸಿದಳು: "ಓತ್ಸೊಗೆ ಈಜು ಬರಲ್ಲ."

"ನಿನಗೆ?"

"ಸ್ವಲ್ಪ ಬರುತ್ತೆ. ಅಷ್ಟು ದೂರ ಬರಲ್ಲ."

ಹಡಗು ಒಂದು ಕಿರಿದಾದ ಕಡಲ ಓಣಿಗೆ ತಿರುಗಿತು. ಎರಡೂ ದಡಗಳು ಇದ್ದಕ್ಕಿದ್ದಂತೆ ಹತ್ತಿರ ಬಂದವು. ಒಂದು ಪುಟ್ಟ ದ್ವೀಪದ ಅಂಚಿನಲ್ಲಿ ಹಬೆಸ್ನಾನದ ಸೌನಾ ಗುಡಿಸಲು, ಅದರ ಹೊಗೆ ನೇರ ಮೇಲೆದ್ದು ಮಂಜಿನಲ್ಲಿ ಮಗುಚಿಕೊಳ್ಳುತ್ತಿತ್ತು. ಮರದ ಕಟ್ಟೆಯ ಮೇಲೆ ಒಬ್ಬ ಮುದುಕ, ಮೈಮೇಲೆ ನೂಲಿಲ್ಲದೆ, ಬೆಂದ ಸೀಗಡಿಯಂತೆ ಕೆಂಪಾಗಿ ನಿಂತಿದ್ದ. ಹಡಗನ್ನು ಕಂಡು, ಯಾವ ಗಡಿಬಿಡಿಯೂ ಇಲ್ಲದೆ ಕೈಯೆತ್ತಿ ಬೀಸಿದ.

ಹಿಲ್ಲಾ ಕಂಬಳಿ ಸರಿಸಿ ಎದ್ದು ಕಟಕಟೆಗೆ ಹೋಗಿ ಕೈ ಬೀಸಿದಳು. ತಿರುಗಿ ನೋಡಿದಳು. ವಿರ್ಪಿಯ ಒಂದು ತೋಳು ಓತ್ಸೊನ ಭಾರಕ್ಕೆ ಜೋಮು ಹಿಡಿದಿತ್ತು, ಇನ್ನೊಂದರಲ್ಲಿ ಮೊಲವಿತ್ತು.

"ನಿಂದೂ ಸೇರಿಸಿ ಬೀಸ್ತೀನಿ ತಡಿ," ಎಂದು ಹೇಳಿ ಅವಳು ಎರಡೂ ಕೈಗಳನ್ನು ಮೇಲೆತ್ತಿದಳು.

ಮುದುಕ ಇನ್ನೊಂದು ಸಲ ಬೀಸಿ, ಮೂಗು ಹಿಡಿದುಕೊಂಡು ನೀರಿಗೆ ಧುಮುಕಿದ. ಸದ್ದು ಅಷ್ಟು ದೂರ ಬರಲಿಲ್ಲ. ನೀರಿನ ಮೇಲೆ ಉಂಗುರವೊಂದು ಹುಟ್ಟಿ, ಅಗಲವಾಗುತ್ತ, ಮಂಜಿನ ಅಂಚನ್ನು ಮುಟ್ಟಿ ಅದರೊಳಗೆ ಹೋಯಿತು.